"ಚೆನ್ನಾಗಿದೆ" ಬಿಟ್ಟು ಇನ್ನೇನು ಹೇಳುವುದು?

ಅಕ್ಕ, ನಿಮ್ಮ ಪ್ರಶ್ನೆ ಓದಿದೆ. ಮಂಗಳೂರಿನಲ್ಲಿ ನೀವು ಎಂಟು ಜನ ತಿಂಗಳಿಗೊಮ್ಮೆ ಸೇರಿ ಕತೆ ಓದುತ್ತೀರಿ. ಎಲ್ಲರೂ "ಚೆನ್ನಾಗಿದೆ" ಅಂದು ಮುಗಿಸುತ್ತಾರೆ. ಒಮ್ಮೆ ಯಾರೋ ಖಾರವಾಗಿ ಮಾತಾಡಿದ್ದಕ್ಕೆ ಕತೆ ಬರೆದವರು ಬರುವುದನ್ನೇ ಬಿಟ್ಟರು. ಈಗ ಕಿರುಗತೆ ಶುರು ಮಾಡುವ ಯೋಚನೆ ಇದೆ, ಅಲ್ವಾ? ಉಡುಪಿಯ ನಮ್ಮ ಭಾನುವಾರದ ಕಥಾ ತರಗತಿಯಲ್ಲೂ ಹೀಗೇ ಆಗಿತ್ತು.

ಕತೆಯನ್ನು ಎರಡು ದಿನ ಮೊದಲೇ ವಾಟ್ಸಾಪಿನಲ್ಲಿ ಕಳಿಸಿ. ಈಗಷ್ಟೇ ಕೇಳಿದ ಕತೆಯ ಬಗ್ಗೆ ಹೇಳು ಅಂದರೆ "ಚೆನ್ನಾಗಿದೆ" ಬಿಟ್ಟು ಬೇರೆ ಮಾತು ಬಾಯಿಗೆ ಬರುವುದಿಲ್ಲ. ಕೂತಾಗ ಕತೆಯನ್ನು ಬರೆದವರು ಓದಬಾರದು, ಬೇರೆಯವರು ಓದಬೇಕು. ಬರೆದವರೇ ಓದಿದರೆ ಕಾಗದದಲ್ಲಿ ಇಲ್ಲದ್ದನ್ನೂ ದನಿಯಲ್ಲಿ ಸೇರಿಸಿಬಿಡುತ್ತಾರೆ. ಬೇರೆಯವರು ತಡವರಿಸಿದರೆ ಆ ಸಾಲನ್ನು ಇನ್ನೊಮ್ಮೆ ನೋಡಬೇಕು ಅಂತ ತಾನಾಗಿ ಗೊತ್ತಾಗುತ್ತದೆ.

ಚರ್ಚೆ ನಡೆಯುವಾಗ ಬರೆದವರು ಬಾಯಿ ತೆರೆಯಬಾರದು ಅನ್ನುವ ಪದ್ಧತಿ ಇದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಶುರುವಾದ ಬರವಣಿಗೆ ಕಮ್ಮಟದ ಹೆಸರಿನೊಂದಿಗೆ ಬೆಳೆದದ್ದು ಅದು. ನಾವು ಹತ್ತು ನಿಮಿಷ ಮಾತ್ರ ಹಾಗೆ ಮಾಡುತ್ತೇವೆ. ಆಮೇಲೆ ಬರೆದವರು ಪ್ರಶ್ನೆ ಕೇಳಬಹುದು. ಪೂರ್ತಿ ಮೌನ ನಮ್ಮಲ್ಲಿ ಶಿಕ್ಷೆಯ ಹಾಗೆ ಆಗುತ್ತಿತ್ತು.

ಹೇಳುವವರು ಸಾಲು ತೋರಿಸಿ ಹೇಳಬೇಕು. "ಎಳೆದ ಹಾಗಿದೆ" ಅನ್ನುವುದರಿಂದ ಯಾರಿಗೂ ಉಪಯೋಗ ಇಲ್ಲ. "ಮೂರನೇ ಪ್ಯಾರಾದಲ್ಲಿ ಮಾತಾಡುತ್ತಿರುವುದು ಅತ್ತೆಯೋ ಸೊಸೆಯೋ ತಿಳಿಯಲಿಲ್ಲ" ಅಂದರೆ ಬರೆದವರು ಮನೆಗೆ ಹೋಗಿ ತಿದ್ದಬಹುದು. "ನಾನಾದರೆ ಹೀಗೆ ಬರೆಯುತ್ತಿದ್ದೆ" ಅನ್ನುವ ಮಾತನ್ನು ಮಾತ್ರ ಅಲ್ಲೇ ನಿಲ್ಲಿಸಿ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮಲ್ಲೊಬ್ಬಳು ಮಲ್ಪೆಯ ಕತೆ ಬರೆದಿದ್ದಳು. ಜುಲೈ ಮಳೆ, ಗಂಡ ಟ್ರಾಲ್ ಬೋಟಿನಲ್ಲಿ (ಬಲೆ ಎಳೆಯುವ ಯಂತ್ರದ ದೋಣಿ) ಕಡಲಿಗೆ ಹೋಗುತ್ತಾನೆ, ಹೆಂಡತಿ ಕಾಯುತ್ತಾಳೆ. ನಮಗೆಲ್ಲ ಇಷ್ಟವಾಯಿತು. ಮೀನುಗಾರರ ಮನೆಯ ಹುಡುಗನೊಬ್ಬ ಮೆಲ್ಲಗೆ ಹೇಳಿದ: "ಅಕ್ಕ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಆ ಬೋಟುಗಳಿಗೆ ರಜೆ. ಹೋಗುವುದಾದರೆ ನಾಡದೋಣಿ." ಅವಳು ದೋಣಿ ಬದಲಿಸಿದಳು. ದೋಣಿ ಸಣ್ಣದಾಯಿತು, ಹೆಂಡತಿಯ ಭಯ ದೊಡ್ಡದಾಯಿತು. ಕತೆಯೇ ಬೇರೆಯಾಯಿತು! ಅದಕ್ಕೇ ಗುಂಪಿನಲ್ಲಿ ಬೇರೆ ಬೇರೆ ಕೆಲಸದವರು ಇದ್ದರೆ ಒಳ್ಳೆಯದು.

ಇನ್ನು ಕಿರುಗತೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ 1000 ಪದದ ಒಳಗಿನದ್ದಕ್ಕೆ ಈ ಹೆಸರು. ಆ ಲೆಕ್ಕವನ್ನು ಹಾಗೇ ತರಬೇಡಿ. "ಮನೆಯಲ್ಲಿದ್ದವನಿಗೆ" ನಮಗೆ ಒಂದೇ ಪದ, ಇಂಗ್ಲಿಷಿನವರಿಗೆ ಆರೇಳು ಬೇಕು. ನಾವು 300 ಪದ ಅಂತ ಇಟ್ಟುಕೊಂಡಿದ್ದೇವೆ. ಅಷ್ಟರಲ್ಲಿ ಒಂದು ಜಾಗ, ಇಬ್ಬರು ಮನುಷ್ಯರು, ಒಂದು ಬದಲಾವಣೆ ಹಿಡಿಸುತ್ತದೆ. ಹಿಂದಿನ ಕತೆ ಹೇಳಲು ಜಾಗ ಇಲ್ಲ. ಕೊನೆಯಲ್ಲಿ "ಅವನು ಸತ್ತು ವರ್ಷವಾಗಿತ್ತು" ಅನ್ನುವ ತಿರುವು ಇಟ್ಟರೆ ಕಿರುಗತೆ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಅಂಥದ್ದನ್ನು ಎರಡನೇ ಸಲ ಓದಲು ಏನೂ ಉಳಿಯುವುದಿಲ್ಲ. ಕೊನೆಯ ಸಾಲನ್ನು ಬೆರಳಿನಿಂದ ಮುಚ್ಚಿ ಓದಿ ನೋಡಿ. ಎಷ್ಟೋ ಸಲ ಕತೆ ಅದಕ್ಕೂ ಮೊದಲೇ ಮುಗಿದಿರುತ್ತದೆ.

ಮಾತಿನ ವಿಷಯ ನಮ್ಮ ಕರಾವಳಿಯವರಿಗೆ ಕಷ್ಟವೇ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ. ಕತೆಯಲ್ಲಿ ಮಾತ್ರ ಪುಸ್ತಕದ ಕನ್ನಡ. ಅಮ್ಮನನ್ನು ತುಳುವಿನಲ್ಲಿ "ಅಪ್ಪೆ" ಅಂತ ಕರೆಯುವ ಮಗ ಕತೆಯಲ್ಲೂ ಹಾಗೇ ಕರೆಯಲಿ. ಪಕ್ಕದಲ್ಲಿ ಅರ್ಥ ಬರೆಯಬೇಡಿ. ಸಂದರ್ಭದಿಂದ ಓದುವವರಿಗೆ ತಿಳಿಯುತ್ತದೆ.

ಮೊದಲ ಸಲ ಒಬ್ಬರನ್ನೊಬ್ಬರು ತಿದ್ದಲು ಮುಜುಗರ ಆದರೆ ಪಂಜೆ ಮಂಗೇಶರಾಯರ ಹಳೆಯ ಕತೆಯೊಂದನ್ನು ತೆಗೆದುಕೊಳ್ಳಿ. 1900ರ ಹೊತ್ತಿಗೆ ನಿಮ್ಮ ಊರಿನ 'ಸುವಾಸಿನಿ' ಪತ್ರಿಕೆಯಲ್ಲಿ ಅವರು ಕತೆ ಬರೆಯುತ್ತಿದ್ದರು. ಅದನ್ನೇ ಸಾಲು ಸಾಲಾಗಿ ನೋಡಿ, ಎಲ್ಲಿ ಹಿಡಿದು ನಿಲ್ಲಿಸಿತು, ಎಲ್ಲಿ ಮನಸ್ಸು ಬೇರೆ ಕಡೆ ಹೋಯಿತು ಅಂತ. ಯಾರಿಗೂ ನೋವಾಗದೆ ಅಭ್ಯಾಸ ಆಗುತ್ತದೆ.

ಬರುವುದು ಬಿಟ್ಟವರಿಗೆ ಮೆಸೇಜ್ ಸಾಲದು ಅಕ್ಕ. ನೀವೇ ಅವರ ಮನೆಗೆ ಹೋಗಿ. ಅವರ ಕತೆಯ ಯಾವ ಸಾಲು ನಿಮಗೆ ಇನ್ನೂ ನೆನಪಿದೆ ಅಂತ ಹೇಳಿ.