ಹಳೆಯ ಮೆಲೋಟ್ರಾನ್ (ಟೇಪು ಓಡಿಸಿ ಸ್ವರ ಹೊರಡಿಸುವ ಕೀಬೋರ್ಡು ವಾದ್ಯ) ಕೊಳ್ಳುವುದಾದರೆ ಎಂ400 ಮಾಡೆಲ್ ಸಾಕಾ, ಮಾರ್ಕ್ 2 ಮಾಡೆಲಿಗೆ ಕಾಯಬೇಕಾ?

ಎಂ400 ತಗೊಳ್ಳಿ. ಇಂಗ್ಲೆಂಡಿನಲ್ಲಿ ಬಾಡಿಗೆ ಫ್ಲ್ಯಾಟು, ಅದೂ ಎರಡನೇ ಮಹಡಿ ಅಂತ ನೀವೇ ಬರೆದಿದ್ದೀರಿ. ಮಾರ್ಕ್ 2 ಸುಮಾರು 160 ಕಿಲೋ ತೂಗುತ್ತದೆ. ಅದರಲ್ಲಿ ಎರಡು ಕೀಬೋರ್ಡು, 70 ಟೇಪು. ರಿಪೇರಿಯೂ ಅಷ್ಟೇ ಜಾಸ್ತಿ. 1970ರಲ್ಲಿ ಬಂದ ಎಂ400 ಸುಮಾರು 55 ಕಿಲೋ. ಇಬ್ಬರು ಸೇರಿದರೆ ಮೆಟ್ಟಿಲು ಹತ್ತಿಸಬಹುದು.

ನೋಡಲು ಹೋಗುವ ಮುಂಚೆ ಒಳಗಿನ ಸಂಗತಿ ಗೊತ್ತಿರಲಿ. ಇದು ಸಿಂಥಸೈಜರ್ ಅಲ್ಲ. 35 ಕೀಗೆ 35 ಟೇಪು, ಒಂದೊಂದರಲ್ಲೂ ನಿಜವಾದ ವಾದ್ಯದ ಒಂದೊಂದು ಸ್ವರ. ಕೀ ಒತ್ತಿದರೆ ಪುಟ್ಟ ಪ್ಯಾಡು ಟೇಪನ್ನು ಅದರ ನಾದ ಓದುವ ಹೆಡ್ಡಿಗೆ ಅದುಮುತ್ತದೆ, ರೋಲರು ಅದನ್ನು ತಿರುಗುತ್ತಿರುವ ಉದ್ದನೆಯ ಕಂಬಿಗೆ ತಾಗಿಸುತ್ತದೆ, ಟೇಪು ಓಡುತ್ತದೆ. ಸುಮಾರು 8 ಸೆಕೆಂಡಿಗೆ ಟೇಪು ಮುಗಿದು ಸ್ವರ ನಿಲ್ಲುತ್ತದೆ. ಬೆರಳೆತ್ತಿದ ಕೂಡಲೇ ಸ್ಪ್ರಿಂಗು ಸರ್ರನೆ ವಾಪಸ್ ಎಳೆಯುತ್ತದೆ. ಟೇಪಿನ ಅಗಲದಲ್ಲಿ ಮೂರು ಟ್ರ್ಯಾಕುಗಳಿರುತ್ತವೆ, ಒಂದೊಂದರಲ್ಲಿ ಒಂದೊಂದು ವಾದ್ಯ. ಪಿಟೀಲು, ಕೊಳಲು, ಚೆಲ್ಲೋ ಸೆಟ್ಟು ಹೆಚ್ಚಾಗಿ ಸಿಗುತ್ತದೆ. 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಹಾಡಿನ ಶುರುವಿನ ಕೊಳಲಿಗೇ ಹುಚ್ಚು ಹಿಡಿದದ್ದು ಅಂದಿರಲ್ವಾ? ಬೀಟಲ್ಸ್ ನುಡಿಸಿದ್ದು ಮಾರ್ಕ್ 2 ನಿಜ, ಆದರೆ ಆ ಕೊಳಲಿನ ಟೇಪು ಎಂ400ಗೂ ಬರುತ್ತದೆ.

ಹೊರಗಿನ ಬಿಳಿ ಪೇಂಟು ನೋಡಿ ಮರುಳಾಗಬೇಡಿ. ಒಂದೊಂದೇ ಕೀಯನ್ನು ಟೇಪು ಮುಗಿಯುವವರೆಗೂ ಒತ್ತಿ ಹಿಡಿಯಿರಿ. ಒಂದೆರಡು ಕೀ ಮಂಕಾಗಿ ಕೇಳಿಸಿದರೆ ಚಿಂತೆ ಬೇಡ. ಪ್ಯಾಡು, ರೋಲರಿಗೆ ಪ್ರತಿ ಕೀಯಲ್ಲೂ ಸ್ಕ್ರೂ ಇರುತ್ತದೆ. ನನ್ನದನ್ನು ನಾನೇ ಭಾನುವಾರ ಕೂತು ಸರಿ ಮಾಡಿಕೊಳ್ಳುತ್ತೇನೆ. ಎಲ್ಲಾ ಸ್ವರಗಳೂ ಒಟ್ಟಿಗೆ ತೂರಾಡಿದರೆ ಮಾತ್ರ ಮೋಟಾರಿನ ಕಡೆ ಅನುಮಾನ ಪಡಿ. ಆಮೇಲೆ ಆರೇಳು ಕೀ ಒಟ್ಟಿಗೆ ಒತ್ತಿ. ಶ್ರುತಿ ಸ್ವಲ್ಪ ಇಳಿಯುವುದು ಸಹಜ, ಜಾರುತ್ತಲೇ ಹೋದರೆ ಸಹಜವಲ್ಲ. ಮೋಟಾರಿನ ವೇಗ ಹಿಡಿದಿಡುವ ಹಳೆಯ ಸಿಎಂಸಿ-10 ಸರ್ಕ್ಯೂಟ್ ಕಾರ್ಡಿಗೆ ಈ ವಿಷಯದಲ್ಲಿ ಕೆಟ್ಟ ಹೆಸರಿದೆ. ಬದಲಾಯಿಸಿದ್ದಾರಾ ಅಂತ ಕೇಳಿ.

ಟೇಪುಗಳ ಚೌಕಟ್ಟನ್ನು ಇಡಿಯಾಗಿ ಎತ್ತಿ ಹೊರಗೆ ತೆಗೆಯಬಹುದು. ತೆಗೆಸಿ ನೋಡಿ. ಅಂಚು ಮಡಿಸಿದೆಯಾ, ಹೆಡ್ಡಿನ ಮೇಲೆ ಕಂದು ಪುಡಿ ಕೂತಿದೆಯಾ? ಪುಡಿಯನ್ನು ಒರೆಸಬಹುದು, ಮಡಿಸಿದ ಟೇಪು ಮಾತ್ರ ಮತ್ತೆ ಸರಿಯಾಗುವುದಿಲ್ಲ. ಮೆಲೋಟ್ರಾನ್ ರಿಪೇರಿ ಮಾಡುವ ಇಂಗ್ಲೆಂಡಿನ ಸ್ಟ್ರೀಟ್ಲಿ ಎಲೆಕ್ಟ್ರಾನಿಕ್ಸ್‌ನವರು ಹೊಸ ಟೇಪು ಮಾಡಿಕೊಡುತ್ತಾರೆ. ಆ ಖರ್ಚನ್ನು ಬೆಲೆ ಮಾತಾಡುವಾಗಲೇ ಕಳೆಯಿರಿ. ಒಳಗೆ ತೋರಿಸಲು ಮಾರುವವರು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ. 'ನೋವಟ್ರಾನ್' ಅಂತ ಬರೆದಿದ್ದರೆ ಗಾಬರಿ ಬೇಡ. 1970ರ ದಶಕದ ಕೊನೆಗೆ ತಯಾರಿಸುತ್ತಿದ್ದ ಕಂಪನಿಗೆ 'ಮೆಲೋಟ್ರಾನ್' ಹೆಸರಿನ ಹಕ್ಕು ತಪ್ಪಿತು, ಯಂತ್ರ ಅದೇ.

ಮುಂದೆ ಮಂಗಳೂರಿಗೆ ಒಯ್ಯುವ ಆಸೆ ಇದೆ ಅಂದಿದ್ದೀರಿ. ಕರೆಂಟಿನ ತೊಂದರೆ ಇಲ್ಲ. ಆದರೆ ಆ ಮಳೆಗಾಲದ ತೇವದಲ್ಲಿ ಟೇಪು, ಪ್ಯಾಡಿನ ಫೆಲ್ಟು ಬಟ್ಟೆ ಎರಡನ್ನೂ ಕಾಪಾಡುವುದು ಕಷ್ಟ. ಸುಮ್ನೆ ಆ ನಾದ ಸಾಕು ಅನ್ನುವುದಾದರೆ ಡಿಜಿಟಲ್ ಮೆಲೋಟ್ರಾನ್ ಎಂ4000ಡಿ ಇದೆ. ಟೇಪಿನ ಕಾಟವೇ ಇಲ್ಲ.

ಇನ್ನೊಂದು, ಎಂ400ರಲ್ಲಿ ಸ್ಪೀಕರ್ ಇರುವುದಿಲ್ಲ. ನೋಡಲು ಹೋಗುವಾಗ ಸಣ್ಣದೊಂದು ಆಂಪು, ಕೇಬಲ್ಲು ಹಿಡಿದುಕೊಂಡು ಹೋಗಿ.