ರೈಫಲ್ಲಿನ ಬ್ಯಾರಲ್ ಸವೆದಿದೆ, ಬದಲಿಸಬೇಕು ಅಂತ ಗೊತ್ತಾಗೋದು ಹೇಗೆ?

ನೀವು ಕೇಳಿದ್ದು ಇಷ್ಟು: ಆಳಂದ ಕಡೆಯ ನಿಮ್ಮ ಮನೆಯಲ್ಲಿ ತಂದೆಯವರಿಂದ ನಿಮ್ಮ ಹೆಸರಿಗೆ ಬಂದ .315 ರೈಫಲ್ ಇದೆ (ಈ ಸಂಖ್ಯೆ ಸುಮಾರಾಗಿ ನಳಿಗೆಯ ಒಳ ಅಗಲ, ಇಂಚಿನಲ್ಲಿ). ಈಗ ಮೊದಲಿನ ಹಾಗೆ ಗುಂಡು ಒಂದೇ ಕಡೆ ಬೀಳುತ್ತಿಲ್ಲ. ಬೆಳಕಿಗೆ ಹಿಡಿದರೆ ಒಳಗಿನ ಗೆರೆ ಮಾಸಿದಂತೆ ಕಾಣುತ್ತದೆ. ಒಬ್ಬರಿಗೆ ತೋರಿಸಿದ್ದಕ್ಕೆ ‘ಬ್ಯಾರಲ್ ಹೋಗಿದೆ, ಬದಲಿಸಿಬಿಡಿ’ ಅಂದರಂತೆ. ಬದಲಿಸಬೇಕಾ?

ಇನ್ನೂ ಬೇಡ. ನಾನು ಕಲಬುರಗಿಯವನು, ಪೊಲೀಸ್ ಆರ್ಮರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ‘ಬ್ಯಾರಲ್ ಹೋಗಿದೆ’ ಅಂತ ನನ್ನ ಮೇಜಿನ ಮೇಲೆ ಬಂದ ಎಷ್ಟೋ ರೈಫಲ್‌ಗಳಿಗೆ ಬೇಕಾಗಿದ್ದದ್ದು ಒಂದು ಸರಿಯಾದ ಕ್ಲೀನಿಂಗ್, ಇಲ್ಲಾ ಎರಡು ಸ್ಕ್ರೂ ಬಿಗಿ ಮಾಡೋದು, ಅಷ್ಟೇ. ನಮ್ಮ ಕಡೆ ಮನೆಯಲ್ಲಿ ಇಟ್ಟುಕೊಂಡ ರೈಫಲ್ ಗುಂಡು ಹಾರಿಸಿ ಸವೆಯೋದು ಬಹಳ ಅಪರೂಪ. ಅದನ್ನು ಹಾಳು ಮಾಡೋದು ತುಕ್ಕು. ತುಕ್ಕು ಬಿಟ್ಟರೆ, ಅದನ್ನು ಉಜ್ಜುವ ಕೈ.

ಮೊದಲು ನಿಜವಾದ ಸವೆತ ಅಂದರೆ ಏನು ಅಂತ ಹೇಳುತ್ತೇನೆ. ರೈಫಲ್ ಬ್ಯಾರಲ್ಲಿನ ಒಳಗೆ ತಿರುಚಿಕೊಂಡು ಹೋಗುವ ಗೆರೆಗಳಿರುತ್ತವೆ, ಅವೇ ಗುಂಡನ್ನು ಗಿರ್ರನೆ ತಿರುಗಿಸಿ ನೇರ ಕಳಿಸೋದು. (ನಮ್ಮ ಕೋಟೆಯ 29 ಅಡಿ ಉದ್ದದ ಬಾರಾ ಗಜಿ ತೋಪಿನೊಳಗೆ ಈ ಗೆರೆ ಇಲ್ಲ, ಬರೀ ನುಣುಪು ಕೊಳವೆ. ಅಷ್ಟು ಉದ್ದ ಇದ್ದರೂ ಗುರಿಯ ಲೆಕ್ಕದಲ್ಲಿ ನಿಮ್ಮ .315 ಎಷ್ಟೋ ಮೇಲು.) ಸವೆತ ಶುರುವಾಗೋದು ಮಧ್ಯದಲ್ಲಲ್ಲ, ತುದಿಯಲ್ಲೂ ಅಲ್ಲ. ಕಾಡತೂಸು ಕೂರುವ ಚೇಂಬರ್ ಮುಗಿದು ಗೆರೆ ಶುರುವಾಗುವ ಜಾಗ ಇದೆಯಲ್ಲ, ಅದಕ್ಕೆ ಥ್ರೋಟ್ ಅಂತಾರೆ, ಅಲ್ಲಿಂದ. ಪ್ರತಿ ಸಲ ಹಾರಿಸಿದಾಗ ಸುಡುವ ಗ್ಯಾಸಿನ ಶಾಖ ಮತ್ತು ಒತ್ತಡ ಜಾಸ್ತಿ ಬೀಳೋದು ಅಲ್ಲಿಗೇ. ಉಕ್ಕಿನ ಮೇಲ್ಪದರ ಒಂದು ಕ್ಷಣ ವಿಪರೀತ ಕಾಯುತ್ತದೆ, ತಕ್ಷಣ ಆರುತ್ತದೆ. ಹೀಗೆ ಸಾವಿರಾರು ಸಲ ಆದಮೇಲೆ ಅಲ್ಲಿ ಸಣ್ಣ ಸಣ್ಣ ಬಿರುಕು ಏಳುತ್ತವೆ. ಮೇ ತಿಂಗಳಲ್ಲಿ ನಮ್ಮ ಎರೆ ಹೊಲ ಬಿರಿಯುತ್ತದಲ್ಲ, ಅದೇ ನಮೂನೆ. ಆಮೇಲೆ ಬಿರುಕಿನ ಅಂಚು ಉದುರುತ್ತಾ, ಗೆರೆ ಶುರುವಾಗುವ ಜಾಗ ಮುಂದೆ ಮುಂದೆ ಸರಿಯುತ್ತದೆ. ಗುಂಡು ಗೆರೆಗೆ ಸಿಕ್ಕುವ ಮೊದಲೇ ಸ್ವಲ್ಪ ದೂರ ಆಧಾರವಿಲ್ಲದೆ ಹಾರಬೇಕಾಗುತ್ತದೆ. ಗುರಿ ಚದುರೋದು ಹಾಗೆ.

ಇದಕ್ಕೆ ಎಷ್ಟು ಗುಂಡು ಬೇಕು? ಎನ್‌ಸಿಸಿ ಹುಡುಗರು ಹಾರಿಸುವ .22 ತರಹದ್ದು ಹತ್ತಾರು ಸಾವಿರ ಗುಂಡು ತಡೆಯುತ್ತದೆ. ಅದರ ಗುಂಡು ಮೆತ್ತನೆಯ ಸೀಸ, ಒತ್ತಡ ಕಡಿಮೆ. ಸ್ಪರ್ಧೆಗೆ ಬಳಸುವ .308 ಬ್ಯಾರಲ್ ಸುಮಾರು 5000 ಗುಂಡಿನವರೆಗೆ ಚೆನ್ನಾಗಿ ನಡೆಯುತ್ತದೆ. ಮದ್ದು ತುಂಬಾ ಹಿಡಿಯುವ ಮ್ಯಾಗ್ನಂ ರೈಫಲ್‌ಗಳದ್ದು 1000-2000ಕ್ಕೇ ಮುಗಿಯಬಹುದು. ನಿಮ್ಮದು ಯಾವ ಸಾಲಿನಲ್ಲಿದೆ ಅಂತ ನೋಡೋಕೆ ಬ್ಯಾರಲ್ಲಿನೊಳಗೆ ಇಣುಕೋದೇ ಬೇಡ. ಲೈಸೆನ್ಸ್ ಪುಸ್ತಕ ತೆಗೆಯಿರಿ. ವರ್ಷಕ್ಕೆ ಎಷ್ಟು ಕಾಡತೂಸು ಅಂತ ಅದರಲ್ಲೇ ಇರುತ್ತದೆ, ಕೊಂಡಾಗ ಅಂಗಡಿಯವರು ನಮೂದು ಮಾಡಿರುತ್ತಾರೆ. ತಂದೆಯವರ ಹಳೇ ಪುಸ್ತಕ ಸಿಕ್ಕರೆ ಅದನ್ನೂ ಕೂಡಿಸಿ. ಒಟ್ಟು ಕೆಲವು ನೂರು ದಾಟಲಿಕ್ಕಿಲ್ಲ. ಅಷ್ಟಕ್ಕೆ ಥ್ರೋಟ್ ಸುಟ್ಟುಹೋಗೋದಿಲ್ಲ. ಹಾಗಾದರೆ ಬೇರೆ ಏನೋ ಆಗಿದೆ.

ಏನಾಗಿರಬಹುದು? ಒಂದು, ಒಳಗಿನ ಕೊಳೆ. ತಾಮ್ರದ ಹೊದಿಕೆ ಇರುವ ಗುಂಡು ಹೋದ ದಾರಿಯಲ್ಲಿ ತಾಮ್ರ ಬಿಟ್ಟು ಹೋಗುತ್ತದೆ. ಅದು ಪದರ ಕಟ್ಟಿದರೆ ಗೆರೆ ತುಂಬಿ ಮಾಸಿದಂತೆ ಕಾಣುತ್ತದೆ. ತಾಮ್ರ ತೆಗೆಯುವ ಸಾಲ್ವೆಂಟ್ ಹಾಕಿ ಬಿಟ್ಟು, ಬಿಳಿ ಚಿಂದಿ ತೂರಿಸಿ ನೋಡಿ. ಚಿಂದಿ ನೀಲಿಯೋ ಹಸಿರೋ ಆಗಿ ಬಂದರೆ ಒಳಗೆ ತಾಮ್ರ ಇದೆ ಅಂತ ಅರ್ಥ. ಬಣ್ಣ ಬರೋದು ನಿಲ್ಲುವವರೆಗೂ ಮಾಡಿ. ಒಂದೇ ದಿನಕ್ಕೆ ಆಗದೇ ಇರಬಹುದು. ಅವಸರ ಮಾಡಬೇಡಿ.

ಇನ್ನೊಂದು ನಮ್ಮ ಕಡೆಯದ್ದೇ ತೊಂದರೆ: ಅಡುಗೆಮನೆಯ ಎಣ್ಣೆ. ಗನ್ ಆಯಿಲ್ ಸಿಗಲಿಲ್ಲ ಅಂತ ಕುಸುಬೆ ಎಣ್ಣೆ ಹಚ್ಚಿ ಟ್ರಂಕಿನಲ್ಲಿ ಇಟ್ಟವರನ್ನು ನೋಡಿದ್ದೇನೆ. ಕುಸುಬೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿ, ಬಣ್ಣ-ವಾರ್ನಿಶ್‌ಗೆ ಹಾಕುವ ಎಣ್ಣೆ ಅದು. ಒಳಗೆ ಹಳದಿ ಅಂಟು ಪದರವಾಗಿ ಕೂರುತ್ತದೆ. ಅದರೊಳಗಿಂದ ನೋಡಿದರೆ ಹೊಸ ಬ್ಯಾರಲ್ ಕೂಡ ಸವೆದ ಹಾಗೇ ಕಾಣುತ್ತದೆ.

ಕ್ಲೀನ್ ಆದಮೇಲೆ ನೋಡಿ. ಕಾಡತೂಸು ತುಂಬುವ ಮ್ಯಾಗಜಿನ್ ತೆಗೆದು, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಹೊರಗೆ ಎಳೆದು, ಚೇಂಬರ್ ಖಾಲಿ ಇದೆ ಅಂತ ಬೆರಳು ಹಾಕಿ ಖಾತ್ರಿ ಮಾಡಿಕೊಂಡಮೇಲೆ. ಟಾರ್ಚ್ ಬೇಡ, ಅದರ ಬೆಳಕು ಕಣ್ಣು ಕುಕ್ಕಿ ಏನೂ ಕಾಣಿಸೋದಿಲ್ಲ. ಬಾಗಿಲ ಬೆಳಕಿಗೆ ತಿರುಗಿ ನಿಂತು ಹೆಬ್ಬೆರಳಿನ ಉಗುರನ್ನು ಚೇಂಬರ್ ಕಡೆ ಓರೆಯಾಗಿ ಹಿಡಿಯಿರಿ. ಉಗುರಿನ ಮೇಲೆ ಬಿದ್ದ ಬೆಳಕು ಒಳಗೆ ಹೋಗುತ್ತದೆ. ಈಗ ಮುಂದಿನ ಬಾಯಿಂದ ನೋಡಿ. ಗೆರೆಯ ಅಂಚು ಚೂಪಾಗಿ ಕಂಡರೆ ಬ್ಯಾರಲ್ ಬದುಕಿದೆ. ಅಲ್ಲಲ್ಲಿ ಕಪ್ಪು ಚುಕ್ಕೆ, ಸಣ್ಣ ಗುಳಿ ಕಂಡರೆ ಅದು ತುಕ್ಕು ತಿಂದ ಗುರುತು. ಗುಳಿ ಇದ್ದರೂ ಗುರಿ ಕೂರಿಸುವ ಬ್ಯಾರಲ್ ಬೇಕಾದಷ್ಟಿವೆ, ಗುಳಿ ನೋಡಿ ಹೆದರಬೇಡಿ. ಈಗ ಮೊಬೈಲಿಗೆ ಹಾಕುವ ಸಣ್ಣ ಕ್ಯಾಮರಾ ಬಂದಿದೆ, ಅದರಲ್ಲಿ ನೋಡಿದರಂತೂ ಎಂಥ ಒಳ್ಳೆ ಬ್ಯಾರಲ್ಲೂ ಭಯಾನಕವಾಗಿ ಕಾಣುತ್ತದೆ. ಅದನ್ನು ನಂಬಿ ತೀರ್ಮಾನ ಮಾಡೋದು ನನಗೆ ಒಪ್ಪಿಗೆ ಇಲ್ಲ.

ನೋಡುವಾಗ ನಳಿಗೆಯ ಒಳಗೆ ಪೂರ್ತಿ ಸುತ್ತು ಬಂದ ಒಂದು ಕಪ್ಪು ಉಂಗುರ ಕಂಡರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಹೊರಗಡೆ ಅದೇ ಜಾಗದಲ್ಲಿ ಬೆರಳಾಡಿಸಿದರೆ ಉಬ್ಬು ಸಿಗಬಹುದು. ಒಳಗೆ ಏನೋ ಅಡ್ಡ ಇದ್ದಾಗ ಗುಂಡು ಹಾರಿಸಿದ್ದರಿಂದ ನಳಿಗೆ ಊದಿಕೊಂಡಿದೆ ಅಂತ ಅರ್ಥ. ಮಣ್ಣಿನ ಗೂಡು ಕಟ್ಟುವ ಕಣಜ ಇದೆಯಲ್ಲ, ಗೋಡೆಗೆ ನಿಲ್ಲಿಸಿಟ್ಟ ಬಂದೂಕಿನ ಬಾಯಿ ಅದಕ್ಕೆ ಬಹಳ ಇಷ್ಟ. ಉಬ್ಬಿದ ಬ್ಯಾರಲ್‌ಗೆ ಪರೀಕ್ಷೆ ಗಿರೀಕ್ಷೆ ಏನೂ ಬೇಡ, ಅದರಲ್ಲಿ ಮತ್ತೆ ಗುಂಡು ಹಾರಿಸಬಾರದು.

ಈಗ ಮುಂದಿನ ಬಾಯಿ. ನನ್ನ ಅನುಭವದಲ್ಲಿ ಮುಕ್ಕಾಲು ಕಥೆ ಇರೋದು ಇಲ್ಲೇ. ಹಳೇ ರೈಫಲ್‌ಗಳನ್ನು ಪುಲ್ ಥ್ರೂ ಹಗ್ಗದಲ್ಲಿ, ಅಂದರೆ ಚಿಂದಿ ಕಟ್ಟಿ ನಳಿಗೆಯೊಳಗಿಂದ ಎಳೆಯುವ ಹಗ್ಗದಲ್ಲಿ, ಕ್ಲೀನ್ ಮಾಡುತ್ತಿದ್ದರು. ಹಗ್ಗವನ್ನು ನೇರ ಎಳೆಯೋ ಬದಲು ಓರೆಯಾಗಿ ಎಳೆದರೆ ಅದು ಬಾಯಿಯ ಒಂದೇ ಬದಿಗೆ ಉಜ್ಜುತ್ತದೆ. ಹಗ್ಗಕ್ಕೆ ಧೂಳು ಅಂಟಿದ್ದರೆ ಮುಗಿಯಿತು, ಅರದ ಕೆಲಸ ಮಾಡುತ್ತದೆ. ವರ್ಷಗಟ್ಟಲೆ ಹೀಗಾದರೆ ದುಂಡಗಿದ್ದ ಬಾಯಿ ಒಂದು ಕಡೆಗೆ ಮೊಟ್ಟೆ ಆಕಾರಕ್ಕೆ ಬರುತ್ತದೆ. ಗುಂಡು ಹೊರಬೀಳುವ ಕೊನೇ ಕ್ಷಣದಲ್ಲಿ ಗ್ಯಾಸ್ ಒಂದು ಬದಿಯಿಂದ ಮೊದಲು ನುಗ್ಗಿ ಗುಂಡಿನ ಹಿಂಭಾಗವನ್ನು ತಳ್ಳಿಬಿಡುತ್ತದೆ. ಒಳಗೆಲ್ಲ ಗೆರೆ ಹೊಸದರಂತೆ ಇದ್ದರೂ ಗುರಿ ಕೂರೋದಿಲ್ಲ. ಮುಂದಿನಿಂದ ಕಬ್ಬಿಣದ ಕಡ್ಡಿ ತೂರಿಸಿ ಉಜ್ಜುವವರೂ ಇದೇ ಹಾನಿ ಮಾಡುತ್ತಾರೆ. ಬೋಲ್ಟ್ ತೆಗೆದು ಹಿಂದಿನಿಂದ ಕಡ್ಡಿ ಹಾಕೋದು ಕಷ್ಟವೇನಲ್ಲ. ಬಾಯಿ ಹಾಳಾಗಿದ್ದರೆ ತುದಿಯನ್ನು ಸ್ವಲ್ಪ ಕತ್ತರಿಸಿ ಹೊಸದಾಗಿ ದುಂಡಗೆ ತೀಡಿದರೆ ಸಾಕು, ಬ್ಯಾರಲ್ ಬದಲಿಸೋದು ತಪ್ಪುತ್ತದೆ. ಆದರೆ ಇದನ್ನು ಊರಿನ ಲೇತ್ ಅಂಗಡಿಯಲ್ಲಿ ಮಾಡಿಸಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಆ ಕೆಲಸಕ್ಕೆ ಲೈಸೆನ್ಸ್ ಇಲ್ಲದವರು ಬಂದೂಕಿನ ನಳಿಗೆಯ ಉದ್ದ ಕಡಿಮೆ ಮಾಡೋದು ಅಪರಾಧ.

ತುಕ್ಕಿನ ಬಗ್ಗೆ ಒಂದು ಮಾತು. ಹಳೇ ಸೇನೆ ಮಾದರಿಯ ಕಾಡತೂಸಿನ ಪ್ರೈಮರ್‌ನಲ್ಲಿ, ಅಂದರೆ ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಭಾಗದಲ್ಲಿ, ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಉರಿದಮೇಲೆ ಅದು ಉಪ್ಪಾಗಿ ಒಳಗೆ ಅಂಟಿಕೊಂಡು ಗಾಳಿಯ ತೇವ ಹೀರುತ್ತದೆ. ಆ ಉಪ್ಪು ಎಣ್ಣೆಯಲ್ಲಿ ಕರಗೋದಿಲ್ಲ, ನೀರಿನಲ್ಲಿ ಕರಗುತ್ತದೆ. ಹಿಂದಿನ ಸಿಪಾಯಿಗಳು ಹಾರಿಸಿದ ದಿನವೇ ಬ್ಯಾರಲ್ಲಿಗೆ ಕುದಿಯುವ ನೀರು ಹೊಯ್ಯುತ್ತಿದ್ದದ್ದು ಇದಕ್ಕೇ. ಸುಮ್ನೆ ಎಣ್ಣೆ ಹಚ್ಚಿಟ್ಟ ನಳಿಗೆಯಲ್ಲಿ ಎಣ್ಣೆಯ ಕೆಳಗೇ ತುಕ್ಕು ಬೆಳೆಯುತ್ತದೆ. ಚುನಾವಣೆ ಬಂದಾಗ ಠಾಣೆಗೆ ಜಮಾ ಮಾಡುತ್ತೀರಲ್ಲ, ಆಗಲೂ ಹಾಗೆ. 2024ರ ಲೋಕಸಭೆ ಚುನಾವಣೆಗೆ ಮಾರ್ಚ್‌ನಲ್ಲಿ ನೀತಿಸಂಹಿತೆ ಬಂದದ್ದು ಜೂನ್‌ವರೆಗೂ ಇತ್ತು. ಕೊಡುವ ಮೊದಲು ಗನ್ ಆಯಿಲ್ ಹಾಕಿ, ವಾಪಸ್ ಬಂದ ದಿನವೇ ಬಿಚ್ಚಿ ಒರೆಸಿ.

ಕಣ್ಣಿನ ಪರೀಕ್ಷೆ ಎಷ್ಟೇ ಮಾಡಿದರೂ ಕೊನೆಗೆ ಹೇಳಬೇಕಾದದ್ದು ಟಾರ್ಗೆಟ್ ಕಾಗದ. ಹೊಲದಲ್ಲಿ ಹಾರಿಸಿ ನೋಡಬೇಡಿ, ಪರವಾನಗಿ ಇರುವ ರೇಂಜ್‌ಗೇ ಹೋಗಿ. ಪೊಲೀಸ್ ಇಲಾಖೆ ಜಿಲ್ಲೆಗಳಲ್ಲಿ ನಾಗರಿಕ ಬಂದೂಕು ತರಬೇತಿ ನಡೆಸುತ್ತದೆ, ಅಲ್ಲಿ ವಿಚಾರಿಸಿದರೆ ಎಲ್ಲಿ ಹಾರಿಸಬಹುದು ಅಂತ ಹೇಳುತ್ತಾರೆ. ಹೋಗುವ ಮೊದಲು ಮರದ ಸ್ಟಾಕ್ ಹಿಡಿದಿರುವ ಸ್ಕ್ರೂ ನೋಡಿ. ನಮ್ಮ ಬೇಸಿಗೆಗೆ ಮರ ಒಣಗಿ ಕುಗ್ಗುತ್ತದೆ, ಸ್ಕ್ರೂ ಸಡಿಲ ಆಗುತ್ತದೆ. ಮಳೆಗಾಲಕ್ಕೆ ಅದೇ ಮರ ಉಬ್ಬಿ ಬ್ಯಾರಲ್ಲನ್ನು ಒಂದು ಬದಿಗೆ ಒತ್ತುತ್ತದೆ. ಎರಡೂ ಸೇರಿ ಒಳ್ಳೆ ರೈಫಲ್ಲಿನ ಹೆಸರು ಕೆಡಿಸುತ್ತವೆ. ಗುರಿ ನೋಡುವ ಮುಂದಿನ-ಹಿಂದಿನ ಸೈಟ್ ಅಲ್ಲಾಡುತ್ತದಾ ನೋಡಿ. ಟ್ರಂಕಿನಲ್ಲಿ ವರ್ಷಗಟ್ಟಲೆ ಬಿದ್ದ ಕಾಡತೂಸು ಬೇಡ, ಒಂದೇ ಡಬ್ಬಿಯ ಹೊಸವು ಇರಲಿ.

ಬೆಳಗ್ಗೆ ಬಿಸಿಲು ಏರುವ ಮೊದಲು, ಮರಳಿನ ಚೀಲದ ಮೇಲೆ ಇಟ್ಟು, 100 ಮೀಟರಿಗೆ ಐದು ಗುಂಡು. ಬ್ಯಾರಲ್ ಕೈಯಲ್ಲಿ ಹಿಡಿಯುವಷ್ಟು ಆರಿದಮೇಲೆ ಬೇರೆ ಕಾಗದದ ಮೇಲೆ ಇನ್ನೈದು. ಆಮೇಲೆ ನಿಮಗಿಂತ ಚೆನ್ನಾಗಿ ಹಾರಿಸುವವರ ಕೈಗೆ ಕೊಡಿ. ಇದು ಬಹಳ ಮುಖ್ಯ. ಅವರ ಕೈಯಲ್ಲಿ ಗುಂಡುಗಳು ಒಂದು ಅಂಗೈ ಅಗಲದೊಳಗೆ ಬಿದ್ದರೆ, ಬರೀ ಕಬ್ಬಿಣದ ಸೈಟ್ ಇರುವ ಹಳೇ .315ಗೆ ಅದು ಸಾಕು, ನಿಮ್ಮ ಬ್ಯಾರಲ್‌ಗೆ ಏನೂ ಆಗಿಲ್ಲ. ಅವರ ಕೈಯಲ್ಲೂ ಪ್ರತಿ ಸಲ ಚದುರಿದರೆ, ಅದರಲ್ಲೂ ಕಾಗದದ ತೂತು ದುಂಡಗಿಲ್ಲದೆ ಉದ್ದಕ್ಕೆ, ಗುಂಡು ಅಡ್ಡಡ್ಡ ಬಿದ್ದ ಹಾಗೆ ಇದ್ದರೆ, ಗೆರೆ ಗುಂಡನ್ನು ತಿರುಗಿಸುತ್ತಿಲ್ಲ. ಬಾಯಿ ಸರಿ ಇದ್ದು, ಕ್ಲೀನ್ ಆಗಿಯೂ ಹೀಗಾದರೆ ಬದಲಿಸೋ ಕಾಲ ಬಂದಿದೆ.

ಹಾರಿಸಿದ ಕಾಡತೂಸಿನ ಖಾಲಿ ಕೇಸ್‌ಗಳನ್ನು ಬಿಸಾಡಬೇಡಿ. ಬುಡದ ಹತ್ತಿರ ಸುತ್ತಲೂ ಹೊಳೆಯುವ ಗೆರೆ ಬಂದಿದ್ದರೆ, ಇಲ್ಲಾ ಅಲ್ಲಿ ಸೀಳು ಬಿಟ್ಟಿದ್ದರೆ, ಅದು ಬೇರೆ ಕಾಯಿಲೆ. ಬೋಲ್ಟ್ ಮತ್ತು ಚೇಂಬರ್ ನಡುವಿನ ಅಂತರ ಜಾಸ್ತಿಯಾಗಿದೆ, ಅದಕ್ಕೆ ಹೆಡ್‌ಸ್ಪೇಸ್ ಅಂತಾರೆ. ಗುರಿ ತಪ್ಪಿದರೆ ಕಾಗದ ಹಾಳು, ಇದು ತಪ್ಪಿದರೆ ಮುಖಕ್ಕೇ ಪೆಟ್ಟು. ಆ ಅಂತರ ಅಳೆಯುವ ಗೇಜ್ ಹಾಕಿ ನೋಡುವವರೆಗೆ ಹಾರಿಸಬೇಡಿ.

ಬದಲಿಸೋದೇ ಆದರೆ, ಕಾಯ್ದೆಯಲ್ಲಿ ಬಂದೂಕಿನ ಬಿಡಿಭಾಗವೂ ಶಸ್ತ್ರವೇ. ಬ್ಯಾರಲ್ ಒಂದನ್ನೇ ಎಲ್ಲೋ ತರಿಸಿ ಹಾಕಿಸೋ ಹಾಗಿಲ್ಲ. ಲೈಸೆನ್ಸ್ ಕೊಟ್ಟ ಕಚೇರಿಯಲ್ಲಿ ಮೊದಲು ಕೇಳಿ, ರಿಪೇರಿ ಲೈಸೆನ್ಸ್ ಇರುವವರಿಗೆ ಮಾತ್ರ ಕೊಡಿ, ರಸೀದಿಯಲ್ಲಿ ರೈಫಲ್ ನಂಬರ್ ಬರೆಸಿಕೊಳ್ಳಿ. ಬಿಚ್ಚಿದ ಹಳೇ ನಳಿಗೆಯನ್ನು ಗುಜರಿಗೆ ಹಾಕಬೇಡಿ, ಅದನ್ನು ಏನು ಮಾಡಬೇಕು ಅಂತ ಅದೇ ಕಚೇರಿಯಲ್ಲಿ ಬರಹದಲ್ಲಿ ತೆಗೆದುಕೊಳ್ಳಿ.