ಡಯಲ್‌ಗೆ ಸಣ್ಣ ಮ್ಯಾಗ್ನೆಟ್ ಸ್ಟ್ಯಾಂಡ್: ಕಿಲೋ ಬಿಡಿ, ತೋಳು ನೋಡಿ

ಪ್ರಶ್ನೆ: ನಾಲ್ಕೂವರೆ ಅಡಿ ಲೇತ್‌ನಲ್ಲಿ ಫೋರ್-ಜಾ ಚಕ್‌ಗೆ (ನಾಲ್ಕು ದವಡೆಯ ಹಿಡಿಕೆ) ಜಾಬ್ ಕಟ್ಟಿ, ಮಧ್ಯಕ್ಕೆ ಕೂತಿದೆಯೇ ನೋಡಲು ಡಯಲ್ (ಮುಳ್ಳಿನ ಅಳತೆ ಗೇಜ್) ಹಚ್ಚುತ್ತೇವೆ. ದೊಡ್ಡ ಸ್ಟ್ಯಾಂಡ್ ಇಡಲು ಕ್ರಾಸ್ ಸ್ಲೈಡ್ ಮೇಲೆ ಜಾಗ ಸಾಲದು. ಸಣ್ಣದು ತಂದೆವು, ಚಕ್ ಒಂದು ಸುತ್ತು ತಿರುಗಿಸಿ ಅದೇ ಗುರುತಿಗೆ ತಂದರೂ ಮುಳ್ಳು ಎರಡು-ಮೂರು ಗೀಟು ಆಚೀಚೆ ನಿಲ್ಲುತ್ತದೆ. ಅಂಗಡಿಯವರು ಹೆಚ್ಚು ಕಿಲೋ ಹಿಡಿತದ್ದು ಒಯ್ಯಿರಿ ಅನ್ನುತ್ತಾರೆ. ಯಾವುದು ತಗೋಬೇಕ್ರಿ?
– ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಕಿಲೋ ಹೆಚ್ಚಿಸಿದರೆ ಈ ದೋಷ ಹೋಗುವುದಿಲ್ಲ. ಪ್ಲಂಜರ್ (ಒಳಹೊರ ಸರಿಯುವ ಕಡ್ಡಿ) ಇರುವ ಡಯಲ್‌ನ ಸ್ಪ್ರಿಂಗ್ ಹಿಂದಕ್ಕೆ ತಳ್ಳುವುದು ಹೆಚ್ಚೆಂದರೆ ಸುಮಾರು 150 ಗ್ರಾಂನಷ್ಟು. ಸ್ವಚ್ಛವಾದ ಕಬ್ಬಿಣದ ಮೇಲೆ ಚಿಕ್ಕ ಮ್ಯಾಗ್ನೆಟ್ ಕೂಡ ಅದನ್ನು ತಡೆಯುತ್ತದೆ. ಬಾಗುವುದು ತೋಳಿನ ಸರಳು, ಜಾರುವುದು ಅದರ ಗಂಟು (ಕೀಲು).

ಸರಳಿನ ಉದ್ದ ಇಮ್ಮಡಿಯಾದರೆ ಬಾಗು ಎಂಟು ಪಟ್ಟಾಗುತ್ತದೆ. ದಪ್ಪ 6 ಮಿ.ಮೀ. ಇದ್ದದ್ದು 8 ಮಿ.ಮೀ. ಆದರೆ ಅದೇ ಸರಳು ಮೂರು ಪಟ್ಟು ಬಿಗಿಯಾಗುತ್ತದೆ. ಆದ್ದರಿಂದ ತೆಳ್ಳಗೆ ಉದ್ದವಾಗಿ ನಾಲ್ಕು ಗಂಟು ಇರುವುದನ್ನು ಬಿಟ್ಟು, ಗಿಡ್ಡಗೆ ದಪ್ಪಗೆ ಎರಡು ಗಂಟು ಇರುವುದನ್ನು ಆರಿಸಿ. ಫೈನ್ ಅಡ್ಜಸ್ಟ್‌ಮೆಂಟ್ ಸ್ಕ್ರೂ ಇದೆಯೆಂದು ಮನಸೋಲಬೇಡಿ. ಅಗ್ಗದ ಸ್ಟ್ಯಾಂಡ್‌ನಲ್ಲಿ ಅದೂ ಒಂದು ಸಡಿಲ ಜಾಗವೇ. ಲೇತ್ ಕೆಲಸಕ್ಕೆ ಡಯಲ್‌ನ ಹೊರ ಬಳೆ ತಿರುಗಿಸಿ ಸೊನ್ನೆ ಮಾಡಿಕೊಂಡರೆ ಸಾಕು.

ಕೊಳ್ಳಲು ಹೋಗುವಾಗ ನಿಮ್ಮದೇ ಡಯಲ್ ಒಯ್ಯಿರಿ. ಅಂಗಡಿಯಲ್ಲಿ ದಪ್ಪ ಕಬ್ಬಿಣದ ತುಂಡೊಂದರ ಮೇಲೆ ಸ್ಟ್ಯಾಂಡ್ ನಿಲ್ಲಿಸಿ, ಪ್ಲಂಜರ್ ಸುಮಾರು 1 ಮಿ.ಮೀ. ಒಳಹೋಗುವಂತೆ ಅದೇ ತುಂಡಿಗೆ ಮುಟ್ಟಿಸಿ ಸೊನ್ನೆ ಮಾಡಿ. ಈಗ ತೋಳಿನ ತುದಿಯನ್ನು ಬೆರಳಿನಿಂದ ಒತ್ತಿ, ಮುಳ್ಳು ಹತ್ತು ಗೀಟು ಸರಿಯಲಿ, ಮೆಲ್ಲಗೆ ಬಿಡಿ. ಅರ್ಧ ಗೀಟಿನೊಳಗೆ ಸೊನ್ನೆಗೆ ಮರಳಿದರೆ ಒಳ್ಳೆಯದು. ಒಂದು ಗೀಟು ಉಳಿದರೂ ಎಲ್ಲೋ ಗಂಟು ಜಾರುತ್ತಿದೆ. ಬೇರೆ ಬೇರೆ ದಿಕ್ಕಿನಿಂದ ನಾಲ್ಕೈದು ಸಲ ಒತ್ತಿ ನೋಡಿ. ಒಂದೇ ಸಲಕ್ಕೆ ಒಪ್ಪಬೇಡಿ.

ಡಯಲ್ ಸಿಗಿಸುವ ತೂತು ಇನ್ನೊಂದು ಮುಖ್ಯ ಸಂಗತಿ. ನಮ್ಮಲ್ಲಿನ ಮಿ.ಮೀ. ಡಯಲ್‌ಗಳ ಕತ್ತು 8 ಮಿ.ಮೀ.; ಇಂಚಿನ ಡಯಲ್‌ನದು ಮೂರೆಂಟಾಂಶ ಇಂಚು, ಅಂದರೆ ಒಂಬತ್ತೂವರೆ ಮಿ.ಮೀ. ದೊಡ್ಡ ತೂತಿಗೆ ಕಾಗದ ಸುತ್ತಿ ಕೂರಿಸಿದರೆ ಅದು ಅಲ್ಲಾಡುತ್ತಲೇ ಇರುತ್ತದೆ. ಹಾಗೆಯೇ, ಪಕ್ಕದಿಂದ ಸ್ಕ್ರೂ ಮೊನೆ ಚುಚ್ಚಿ ಹಿಡಿಯುವುದು ಬೇಡ, ಸೀಳು ಬಿಟ್ಟು ಸುತ್ತಲೂ ಅಮುಕುವುದು ಬೇಕು. ಚುಚ್ಚುವ ಸ್ಕ್ರೂ ಬಿಗಿ ಮಾಡಿದರೆ ಕತ್ತು ಒಳಕ್ಕೆ ನೆಗ್ಗಿ ಪ್ಲಂಜರ್ ಹಿಡಿದುಕೊಳ್ಳುತ್ತದೆ. ಮುಳ್ಳು ತಡವರಿಸುತ್ತಾ ಹಿಂದಿರುಗಿದರೆ ಮೊದಲು ಅಲ್ಲಿ ನೋಡಿ.

ಈಗಿರುವ ಸ್ಟ್ಯಾಂಡನ್ನೂ ಎಸೆಯಬೇಡಿ. ಅದರ ತಳವನ್ನು ಬೆರಳಿನಿಂದ ಸವರಿ. ಕೂದಲೆಳೆಯಷ್ಟು ಕಬ್ಬಿಣದ ಚೂರು ಅಂಟಿದ್ದರೂ ಬೇಸ್ ಒಂದು ಕಾಲು ಗಿಡ್ಡವಾದ ನಾಲ್ಕು ಕಾಲಿನ ಮಣೆಯಂತೆ ತೂಗುತ್ತದೆ. ಸ್ವಿಚ್ ಆಫ್ ಮಾಡಿ ಬಟ್ಟೆಯಿಂದ ಒರೆಸಿ. ಅಂಚಿನಲ್ಲಿ ಬರ್ (ಎದ್ದ ಚೂಪು) ಇದ್ದರೆ ಆಯಿಲ್ ಸ್ಟೋನ್ ಹಚ್ಚಿ ತೆಗೆಯಿರಿ, ಫೈಲ್ ಹಾಕಬೇಡಿ. ಸ್ವಿಚ್ ಇಲ್ಲದ ಗುಂಡು ಮ್ಯಾಗ್ನೆಟ್ ಜಾಗ ಕಡಿಮೆ ತಿನ್ನುತ್ತದೆ ನಿಜ, ಆದರೆ ಲೇತ್ ಪಕ್ಕ ಇಟ್ಟರೆ ಚೂರನ್ನೆಲ್ಲ ಎಳೆದುಕೊಳ್ಳುತ್ತದೆ.

ನಿಮ್ಮ ಕೆಲಸಕ್ಕೆ ನಮ್ಮ ಸಲಹೆ ಮ್ಯಾಗ್ನೆಟ್ ಇಲ್ಲದ ಹೋಲ್ಡರ್. 20×12 ಎಂ.ಎಸ್. (ಮೈಲ್ಡ್ ಸ್ಟೀಲ್) ಫ್ಲಾಟ್‌ನ ತುದಿಯಿಂದ 18 ಮಿ.ಮೀ. ಬಿಟ್ಟು, 12ರ ದಪ್ಪದಲ್ಲಿ 7.8 ಡ್ರಿಲ್ ಹಾಕಿ 8 ರೀಮರ್ ಓಡಿಸಿ. ಅಡ್ಡಕ್ಕೆ, ತುದಿಯಿಂದ 7 ಮಿ.ಮೀ.ಗೆ ಎಂ5 ಬೋಲ್ಟ್: ಒಂದು ಪಾಲಿಗೆ 5.5 ತೂತು, ಇನ್ನೊಂದಕ್ಕೆ 4.2 ಡ್ರಿಲ್ ಹಾಕಿ ಟ್ಯಾಪ್. ಆಮೇಲೆ ತುದಿಯಿಂದ 8ರ ತೂತಿನವರೆಗೆ ಹ್ಯಾಕ್‌ಸಾ ಸೀಳು. ಟೂಲ್ ಪೋಸ್ಟ್‌ಗೆ ಬಿಗಿದು, ಡಯಲ್ ತುದಿಯನ್ನು ಸೆಂಟರ್ ಎತ್ತರಕ್ಕೆ ತನ್ನಿ. ಎದುರುಬದುರು ಜಾಗಳಲ್ಲಿ 40 ಗೀಟು ವ್ಯತ್ಯಾಸ ಬಂದರೆ ಜಾಬ್ ಸರಿಸಬೇಕಾದದ್ದು 20 ಗೀಟು ಮಾತ್ರ.

ಪ್ರಶ್ನೆ: ಮೆಣಸಿನಪುಡಿ ಪಲ್ವರೈಜರ್‌ನ ಶಾಫ್ಟ್ ಬಾಗಿದೆಯೇ ನೋಡಬೇಕು. ಬಾಡಿ ಸ್ಟೇನ್‌ಲೆಸ್, ಮ್ಯಾಗ್ನೆಟ್ ಹಿಡಿಯುತ್ತಿಲ್ಲ.
– ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: 304 ಸ್ಟೇನ್‌ಲೆಸ್‌ಗೆ ಮ್ಯಾಗ್ನೆಟ್ ಹತ್ತುವುದಿಲ್ಲ. ಕೆಳಗಿನ ಎಂ.ಎಸ್. ಫ್ರೇಮ್ ಮೇಲೆ ಬಣ್ಣ ಕೆರೆದು ಕೂರಿಸಿ. ತೆಳು ತಗಡಿನ ಮೇಲೆ ಬೇಡ, ಹಿಡಿತವೂ ಕಡಿಮೆ, ತಗಡೂ ಅದುರುತ್ತದೆ. ಹತ್ತಿರ ಫ್ರೇಮ್ ಇಲ್ಲದಿದ್ದರೆ 10 ಮಿ.ಮೀ. ಎಂ.ಎಸ್. ಫ್ಲಾಟನ್ನು ಜಿ-ಕ್ಲ್ಯಾಂಪ್‌ನಿಂದ ಬಾಡಿಗೆ ಬಿಗಿದು ಅದರ ಮೇಲೆ ನಿಲ್ಲಿಸಿ. ಮೇನ್ ಸ್ವಿಚ್ ತೆಗೆದು, ಬೆಲ್ಟ್ ಇಳಿಸಿ, ಕೈಯಿಂದಲೇ ತಿರುಗಿಸಿ. ಕೀವೇ (ಶಾಫ್ಟ್‌ನಲ್ಲಿ ಕೀ ಕೂರುವ ಕಾಲುವೆ) ಇಲ್ಲದ ಕಡೆ ಡಯಲ್ ಹಚ್ಚಿ: ಒಮ್ಮೆ ಬೇರಿಂಗ್ ಪಕ್ಕ, ಒಮ್ಮೆ ತುದಿಯಲ್ಲಿ. ಬೇರಿಂಗ್ ಪಕ್ಕ ಸರಿಯಿದ್ದು ತುದಿಯಲ್ಲಿ ಹೆಚ್ಚಿದರೆ ಶಾಫ್ಟ್ ಬಾಗಿದೆ. ತಿರುಗಿಸದೆ, ಬರೀ ಮೇಲಕ್ಕೆತ್ತಿದರೇ ಮುಳ್ಳು ಓಡಿದರೆ ಬೇರಿಂಗ್ ಸವೆದಿದೆ.

ಪ್ರಶ್ನೆ: ಮಿಲ್ಲಿಂಗ್ ವೈಸ್ ನೇರ ಮಾಡಲು ಲೀವರ್ ಡಯಲ್ (ಪಕ್ಕಕ್ಕೆ ಓಲುವ ಕಡ್ಡಿಯದು) ಇದೆ. ಅದಕ್ಕೂ ಇದೇ ಸ್ಟ್ಯಾಂಡ್ ಸಾಕೇ?
– ಗದಗ

ಉತ್ತರ: ಸಾಕು, ಡಯಲ್‌ನ ಡವ್‌ಟೇಲ್ (ಓರೆ ಅಂಚಿನ ಪಟ್ಟಿ) ಹಿಡಿಯುವ ಕ್ಲ್ಯಾಂಪ್ ಇರಲಿ. ಲೀವರ್ ಡಯಲ್‌ನ ಒತ್ತಡ ಬಹಳ ಕಡಿಮೆ, ತೆಳು ತೋಳೂ ನಡೆಯುತ್ತದೆ. ಮುಟ್ಟುವ ಕಡ್ಡಿಯನ್ನು ವೈಸ್ ಜಾಗೆ ಆದಷ್ಟು ಸಮಾಂತರ ಇಡಿ. 30 ಡಿಗ್ರಿ ಓರೆಯಾದರೆ ನಿಜವಾದ 10 ಗೀಟು ಹನ್ನೊಂದೂವರೆ ತೋರುತ್ತದೆ. ಆದರೆ ಜಾದ ಎರಡೂ ತುದಿಯಲ್ಲಿ ಸೊನ್ನೆ ಬರುವಂತೆ ಮಾಡುವುದಷ್ಟೇ ಕೆಲಸವಾದರೆ ಈ ಓರೆಯಿಂದ ತೊಂದರೆಯಿಲ್ಲ.